ಒಲೆಗಲ್ಲಿನ ಕೆಳಗೆ ಸಿಕ್ಕ ಸೀಸೆಯನ್ನು ಹಿಂದಿರುಗಿಸಿದ ಬಗ್ಗೆ

ಮಾನ್ಯ ಓದುಗರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಈ ಬರಹದಲ್ಲಿ ಕಾಗುಣಿತದ ತಪ್ಪುಗಳಿರುವುದು ಖಂಡಿತ. ಅಕ್ಷರವೂ ಕಾಗೆ ಕಾಲು ಗುಬ್ಬಿ ಕಾಲು. ಎರಡನ್ನೂ ದಯವಿಟ್ಟು ಮನ್ನಿಸಬೇಕು. ಧಾರವಾಡ ಬಿಟ್ಟ ಮೇಲೆ ಊರಿಗೆ ಹಾಕಿದ ಕಾಗದಗಳನ್ನು ಬಿಟ್ಟರೆ ಕನ್ನಡದಲ್ಲಿ ನಾನು ಏನನ್ನೂ ಬರೆದವಳಲ್ಲ. ನಮ್ಮ ತಂದೆಯವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರು ಮನೆಗೆ ತರುತ್ತಿದ್ದ ಕರಡುಗಳನ್ನು ನಕಲು ಮಾಡಿಯೇ ನಾನು ಉದ್ದನೆಯ ವಾಕ್ಯ ಕಲಿತದ್ದು. ಇದು ಅರ್ಜಿಯಂತೆ ಕಂಡರೆ ಅದೂ ನನ್ನ ದೋಷವೇ ಹೊರತು ವಿಷಯದ್ದಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಲಂಡನ್ನಿನ ಪಶ್ಚಿಮದ ಅಂಚಿನಲ್ಲಿ, ಗ್ರಂಥಾಲಯವೊಂದರ ಮೇಲಂತಸ್ತಿನಲ್ಲಿದ್ದ ಸಣ್ಣ ವಸ್ತುಸಂಗ್ರಹಾಲಯದಲ್ಲಿ ನಾನು ಒಂದು ವರ್ಷದ ಕರಾರಿನ ಮೇಲೆ ಸಂರಕ್ಷಣಾ ಸಹಾಯಕಿಯಾಗಿದ್ದೆ. ಬಂದ ವಸ್ತುವನ್ನು ಒರೆಸುವುದು, ತೂಗುವುದು, ಅದರ ಸ್ಥಿತಿಯನ್ನು ಬರೆದಿಡುವುದು, ಹುಳ ಮತ್ತು ತೇವ ತಗಲದಂತೆ ಪೆಟ್ಟಿಗೆಗೆ ಹಾಕುವುದು ನನ್ನ ಕೆಲಸ. ಒಂದು ದಿನ ಕಟ್ಟಡದ ಮೇಸ್ತ್ರಿಯೊಬ್ಬನಿಂದ ಫೋನ್ ಬಂದಿತು. ವಯಸ್ಸಾದ ದಂಪತಿಗಳ ಹಳೆಯ ಮರದ ಚೌಕಟ್ಟಿನ ಮನೆಯಲ್ಲಿ ನೆಲದಿಂದ ತೇವ ಏರುತ್ತಿದ್ದುದರಿಂದ ಅವನು ನೆಲ ಅಗೆಯುತ್ತಿದ್ದ. ಅಗ್ಗಿಷ್ಟಿಕೆಯ ಮುಂದಿನ ಒಲೆಗಲ್ಲನ್ನು ಎತ್ತಿದಾಗ ಕೆಳಗೆ ಏನೋ ಸಿಕ್ಕಿತ್ತು. ನಮ್ಮ ಮುಖ್ಯಸ್ಥೆ ಸಭೆಯಲ್ಲಿದ್ದರು. "ನೀನೇ ಹೋಗಿ ಬಾ. ಅಳತೆ ತೆಗೆದುಕೊ, ಫೋಟೋ ತೆಗೆ, ಆಮೇಲೆ ಎತ್ತು," ಎಂದು ಬಾಗಿಲಿನಿಂದಲೇ ಹೇಳಿ ಕಳುಹಿಸಿದರು. ಅಲ್ಲಿಯವರು ಇಂಗ್ಲಿಷಿನಲ್ಲಿ ಆಡಿದ ಮಾತುಗಳನ್ನು ನನಗೆ ಬಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೇಸ್ತ್ರಿ ಗುಂಡಿಯ ಪಕ್ಕದಲ್ಲಿ ಕುಳಿತು ಸಿಗರೇಟು ಸೇದುತ್ತಿದ್ದ. "ಗಡ್ಡದವನೊಬ್ಬ ಸಿಕ್ಕಿದ್ದಾನೆ, ತಲೆ ಕೆಳಗಾಗಿ ನಿಂತಿದ್ದಾನೆ. ಬಾಡಿಗೆ ಕೊಟ್ಟಿದ್ದಾನೋ ಇಲ್ಲವೋ ಕೇಳಿ ನೋಡು," ಎಂದ.

ಅದು ಉಪ್ಪಿನಕಾಯಿ ಭರಣಿಯ ಜಾತಿಯ ಗಟ್ಟಿ ಮಣ್ಣಿನ ಸೀಸೆ. ಕಂದು ಬಣ್ಣ, ಹೊಟ್ಟೆ ದಪ್ಪ, ಕತ್ತು ಸಣ್ಣ. ಕತ್ತಿನ ಮೇಲೆ ಗಡ್ಡದ ಗಂಡಸಿನ ಮುಖ. ಹದಿನೇಳನೆಯ ಶತಮಾನದಲ್ಲಿ ಇಂಥವು ಜರ್ಮನ್ ಸೀಮೆಯಿಂದ ಹಡಗಿನಲ್ಲಿ ಬರುತ್ತಿದ್ದವು. ಬಾಯಿ ಕೆಳಗೆ, ತಳ ಮೇಲೆ, ಹೀಗೆ ಬೋರಲಾಗಿ ಮಣ್ಣಿನಲ್ಲಿ ನಿಂತಿತ್ತು. ಮೇಲಿನ ಸೂಚನೆಯಂತೆ ಅಳತೆ ತೆಗೆದೆ, ಫೋಟೋ ತೆಗೆದೆ, ಸುತ್ತಲಿನ ಮಣ್ಣನ್ನು ಮರದ ಚಮಚದಿಂದ ಬಿಡಿಸಿದೆ. ಎರಡೂ ಕೈಯಿಂದ ಎತ್ತಿದಾಗ ಒಳಗೆ ದ್ರವ ಅಲುಗಿದ ಸದ್ದು ಕೇಳಿತು. ಎತ್ತಿದವಳೇ ಸೀಸೆಯನ್ನು ನೆಟ್ಟಗೆ ಮಾಡಿ ಮರಳಿನ ಬಕೆಟ್ಟಿನಲ್ಲಿ ಕೂಡ್ರಿಸಿಬಿಟ್ಟೆ.

ಇದು ಯೋಚಿಸಿ ಮಾಡಿದ್ದಲ್ಲ. ನಮ್ಮ ಮನೆಗಳಲ್ಲಿ ಒಲೆಯ ಹತ್ತಿರ ಬೋರಲು ಪಾತ್ರೆ ಕಂಡರೆ ಬೈಗುಳ ತಪ್ಪಿದ್ದಲ್ಲ. ಆ ಮನೆಯಲ್ಲಿ ಅಡುಗೆ ನಿಂತಿತು, ಸಾವಾಯಿತು ಎಂದು ಅದರರ್ಥ. ಬುದ್ಧಿಗೆ ಗೊತ್ತಾಗುವ ಮೊದಲೇ ಕೈ ಅದನ್ನು ನೆಟ್ಟಗೆ ಮಾಡುತ್ತದೆ. ಆದರೆ ಒಳಗೆ ಗರಗರ ಎಂದು ಲೋಹದ ಚೂರುಗಳು ಕತ್ತಿನಿಂದ ತಳಕ್ಕೆ ಜಾರಿದ್ದು ನನಗೂ ಕೇಳಿತು, ಮೇಸ್ತ್ರಿಗೂ ಕೇಳಿತು.

"ತಿರುಗಿಸಿಬಿಟ್ಟೆಯಲ್ಲ," ಎಂದ.

ಮನೆಯ ಯಜಮಾನರು ಬಸ್ ಓಡಿಸಿ ನಿವೃತ್ತರಾದವರು. ಅವರ ಹೆಂಡತಿ ಎಲ್ಲರಿಗೂ ಟೀ ತಂದರು. ಅಲ್ಲಿಯ ವಯಸ್ಸಾದವರು ಪರಿಚಯವಿರಲಿ ಇಲ್ಲದಿರಲಿ ಎಲ್ಲರನ್ನೂ ಲವ್ ಎಂದೇ ಕರೆಯುತ್ತಾರೆ. "ಅದು ಇಷ್ಟು ವರ್ಷ ನಮ್ಮ ತಂಟೆಗೆ ಬಂದಿಲ್ಲ ಲವ್. ನೀವು ಯಾಕೆ ಅದರ ತಂಟೆಗೆ ಹೋಗಬೇಕು?" ಎಂದು ಕೇಳಿದರು. ಪರೀಕ್ಷೆಗೆಂದು ಕೆಲವು ದಿನ ಕೊಡಿ, ಸೀಸೆ ನಿಮ್ಮದೇ, ಹಾಗೆಯೇ ಹಿಂದಿರುಗಿಸುತ್ತೇವೆ ಎಂದು ನಾನು ಹೇಳಿದೆ. ಯಜಮಾನರು ಸಹಿ ಮಾಡಿದರು. ಅವರ ಹೆಂಡತಿ ಮಾಡಲಿಲ್ಲ.

ಸೀಸೆ ನೆಟ್ಟಗೆ ಕೂತಿದ್ದನ್ನು ನೋಡಿ ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೂಗುವವರಲ್ಲ, ಕೂಗಿದ್ದರೆ ವಾಸಿಯಿತ್ತು. "ಚೂರುಗಳು ಕತ್ತಿನಲ್ಲಿ ಹೇಗೆ ಕೂತಿದ್ದವು ಎನ್ನುವುದೇ ನಮಗೆ ಸಾಕ್ಷಿ. ಅದು ಹೋಯಿತು. ನಿನಗೆ ತಿರುಗಿಸು ಅಂತ ಹೇಳಿದವರು ಯಾರು?" ಎಂದರು. ನಮ್ಮ ಮನೆಯ ಒಲೆಯ ವಿಷಯವನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದು? ತಪ್ಪಾಯಿತು ಎಂದಷ್ಟೇ ಹೇಳಿದೆ.

ಸದರಿ ಸೀಸೆ ಯಾವುದಕ್ಕೆ ಎಂಬುದನ್ನು ಅವರೇ ನನಗೆ ಕಲಿಸಿದರು. ಆ ಕಾಲದಲ್ಲಿ ಉಚ್ಚೆ ಕಟ್ಟಿ ನರಳುವವರು, ಕಾರಣ ತಿಳಿಯದೆ ಸೊರಗುವವರು, ತಮಗೆ ನೆರೆಯ ಮಾಟಗಾತಿ ಏನೋ ಮಾಡಿದ್ದಾಳೆ ಎಂದು ನಂಬುತ್ತಿದ್ದರು. ಮಾಟ ಬಿಡಿಸುವ ಬಲ್ಲವರ ಹತ್ತಿರ ಹೋದರೆ ಅವರು ಹೇಳುತ್ತಿದ್ದ ಉಪಾಯ ಇದು: ರೋಗಿಯ ಮೂತ್ರವನ್ನು ಸೀಸೆಗೆ ತುಂಬಬೇಕು, ಬಗ್ಗಿಸಿದ ಗುಂಡುಸೂಜಿ, ಮೊಳೆ, ಕೂದಲು, ಉಗುರು ಹಾಕಬೇಕು, ಬಿರಡೆ ಜಡಿದು ಒಲೆಯ ಬುಡದಲ್ಲಿ ಹೂಳಬೇಕು. ರೋಗಿಗೆ ಆದ ನೋವು ಅಲ್ಲಿಂದ ಮಾಟಗಾತಿಗೆ ತಿರುಗುತ್ತದೆ. ಅವಳು ತಾಳಲಾರದೆ ಮಾಟ ಬಿಡುತ್ತಾಳೆ. ಮನೆಯಲ್ಲಿ ಆಕಾಶಕ್ಕೆ ಯಾವಾಗಲೂ ತೆರೆದಿರುವ ದಾರಿ ಹೊಗೆ ಹೋಗುವ ದಾರಿಯಾದ್ದರಿಂದ ಕಾವಲೂ ಅಲ್ಲಿಯೇ. ಪಾದ್ರಿಗಳು ಇದನ್ನು ಸೈತಾನನ ಕೆಲಸವೆಂದು ಖಂಡಿಸುತ್ತಿದ್ದರು. ಜನ ಭಾನುವಾರ ಅವರ ಪ್ರವಚನವನ್ನು ತಲೆಬಾಗಿ ಕೇಳಿ ಮನೆಗೆ ಬಂದು ಸೀಸೆ ಹೂಳುತ್ತಿದ್ದರು. ಬಿರಡೆ ಗಟ್ಟಿಯಾಗಿರುವ, ದ್ರವ ಉಳಿದಿರುವ ಸೀಸೆ ಸಿಗುವುದು ತೀರ ಅಪರೂಪ. ಮುಖ್ಯಸ್ಥೆ ಅದನ್ನು ಪತ್ರಿಕೆಯವರ ಎದುರಿಗೆ ತೆರೆಯಬೇಕೆಂದು ಅಂದೇ ತೀರ್ಮಾನಿಸಿದರು.

ತೆರೆಯುವ ಮೊದಲು ಎಕ್ಸ್-ರೇ ಆಗಬೇಕಿತ್ತು. ಹತ್ತಿರದ ಆಸ್ಪತ್ರೆಯಲ್ಲಿ ಒಬ್ಬರು ಊಟದ ಬಿಡುವಿನಲ್ಲಿ ತೆಗೆದುಕೊಡಲು ಒಪ್ಪಿದ್ದರು. ಮೊದಲ ಸಲ ಹೋದಾಗ ಅಪಘಾತದ ರೋಗಿಗಳು ಬಂದಿದ್ದರು. ಎರಡನೆಯ ಸಲ ಯಂತ್ರ ಕೆಟ್ಟಿತ್ತು. ಎರಡು ಸಲವೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಿಂದೆ ಬಂದೆ. ಕೊನೆಗೂ ತೆಗೆದ ಚಿತ್ರದಲ್ಲಿ ತಳದಲ್ಲಿ ಮೊಳೆಗಳ ರಾಶಿ, ಕತ್ತಿನಲ್ಲಿ ಸಿಕ್ಕಿಕೊಂಡು ಉಳಿದ ಒಂದೆರಡು ಸೂಜಿ ಕಂಡವು. ಒಂದು ಕಡೆ ಸೂಜಿಗಳು ಒಟ್ಟಾಗಿ, ಎಲ್ಲವೂ ಒಂದೇ ದಿಕ್ಕಿನಿಂದ ಏನನ್ನೋ ಚುಚ್ಚಿದಂತೆ ನಿಂತಿದ್ದವು. ಆ ಏನೋ ಮಾತ್ರ ಚಿತ್ರದಲ್ಲಿ ಇರಲಿಲ್ಲ. ಬಟ್ಟೆಯ ಚೂರಿರಬೇಕು, ಹೃದಯದಂತೆ ಕತ್ತರಿಸಿದ್ದಿರಬಹುದು ಎಂದು ಮುಖ್ಯಸ್ಥೆ ಹೇಳಿದರು.

ದ್ರವದ ಪರೀಕ್ಷೆಗೆ ಅದೇ ಆಸ್ಪತ್ರೆಯ ಪ್ರಯೋಗಾಲಯವನ್ನು ಫೋನಿನಲ್ಲಿ ಕೇಳಿದೆ. ಆ ಕಡೆಯ ಹೆಂಗಸು ತನ್ನ ಕ್ರಮ ಬಿಡುವವಳಲ್ಲ.

"ರೋಗಿಯ ಹೆಸರು?"

"ಗೊತ್ತಿಲ್ಲ. ಮುನ್ನೂರು ವರ್ಷದ ಹಿಂದಿನವರು."

"ಹುಟ್ಟಿದ ತಾರೀಖು ಬೇಕಾಗುತ್ತೆ. ಜಿಪಿ ಯಾರು?" ಜಿಪಿ ಎಂದರೆ ಅಲ್ಲಿ ಪ್ರತಿಯೊಬ್ಬರೂ ಹೆಸರು ಬರೆಸಿರಬೇಕಾದ ಬಡಾವಣೆಯ ಡಾಕ್ಟರು.

"ಜಿಪಿಯೂ ತೀರಿಕೊಂಡಿರಬೇಕು."

"ಹಾಗಾದರೆ ರೋಗಿಗೆ ಹೊಸ ಜಿಪಿ ಹತ್ತಿರ ಹೆಸರು ಬರೆಸಲು ಹೇಳಿ," ಎಂದು ಆಕೆ ಫೋನ್ ಇಟ್ಟಳು. ಇದು ತಮಾಷೆಯೋ ನಿಜವೋ ನನಗೆ ಇಂದಿಗೂ ತಿಳಿಯದು. ಅಂದು ನನಗೆ ನಗು ಬರಲಿಲ್ಲ.

ಆಗ ಹೇಸ್‌ನಲ್ಲಿನ ನಮ್ಮ ಫ್ಲ್ಯಾಟಿಗೆ ಧಾರವಾಡದಿಂದ ನಮ್ಮ ಅತ್ತೆಯವರು ಬಂದಿದ್ದರು. ನಾನು ಬಾಗಿಲಲ್ಲಿ ಕಾಲಿಡುತ್ತಲೇ ಅವರು ಮೂಗು ಮುಚ್ಚಿದರು.

"ಏನವಾ, ಕೈ ಏನ ವಾಸನಿ ಹೊಡೀತಾವು?"

ವಿಷಯ ತಿಳಿಸಿದೆ. "ಅದು ಮಾಟ ಅಲ್ರಿ ಅತ್ತಿ, ಮಾಟಕ್ಕ ತಡಿ," ಎಂದೆ.

"ತಡಿ ಕಿತ್ಕೊಂಡ ಬಂದ್ರ ಏನಾತು? ಅವರ ಮನಿ ಬಾಗ್ಲಾ ಕಿತ್ತಂಗ ಆತಲ್ಲ."

"ಬೋರಲ ಇತ್ರಿ. ನಾ ನೆಟ್ಟಗ ಮಾಡಿದ್ನಿ. ಅದಕ್ಕ ಬೈಸ್ಕೊಂಡೇನಿ."

"ನೆಟ್ಟಗ ಮಾಡದ ಬೋರಲ ಬಿಟ್ಟ ಬರತಾರೇನ ಯಾರರೆ? ಬೈದಾಕಿಗೆ ಮನಿ-ಮಾರು ಇಲ್ಲೇನ?"

ಇಡೀ ಲಂಡನ್ನಿನಲ್ಲಿ ನನ್ನ ಪರವಾಗಿ ಮಾತಾಡಿದವರು ಅವರೊಬ್ಬರೇ. ಅದರಿಂದ ನನಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚಾಯಿತು. ಸ್ನಾನ ಮಾಡಿ ಬರುವಷ್ಟರಲ್ಲಿ ಅವರು ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿಂತಿದ್ದರು. ನನಗೆ ನಿವಾಳಿಸಿ ತವೆಯ ಮೇಲೆ ಹಾಕಿದ್ದೇ ತಡ, ಚಾವಣಿಯ ಹೊಗೆ ಗಂಟೆ ಬಾಯಿ ಬಿಟ್ಟಿತು. ನಮ್ಮ ಮನೆಯವರು ಟವೆಲ್ ಬೀಸುತ್ತ ಓಡಿ ಬಂದರು.

"ಅವ್ವಾ, ಇದು ಧಾರವಾಡ ಅಲ್ಲ. ಫೈರ್ ಬ್ರಿಗೇಡಿನವ್ರು ಬರ್ತಾರ."

"ಬರ್ಲಿ ತಗೊ, ಅವರದೂ ದೃಷ್ಟಿ ತಗೀತೇನಿ."

ಅತ್ತೆಯವರು ದಿನಾ ಮುಂಜಾನೆ ತಪ್ಪದೆ ಲಿಂಗಪೂಜೆ ಮಾಡುವವರು. ಮುಂಜಾನೆಯ ಪೂಜೆಗೂ ಸಂಜೆಯ ಮೆಣಸಿನಕಾಯಿಗೂ ಜಗಳವಿದೆಯೆಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ. ಮುಖ್ಯಸ್ಥೆ ಹೇಳಿದ ಆ ಹಳೆಯ ಕಾಲದ ಜನರನ್ನು ತಿಳಿದುಕೊಳ್ಳಲು ನನಗೆ ಬೇರೆ ಪುಸ್ತಕ ಬೇಕಾಗಲಿಲ್ಲ. ಆದರೆ ಈ ತಿಳಿವಳಿಕೆಯಿಂದ ನನ್ನ ಕೆಲಸಕ್ಕೆ ಏನೂ ಪ್ರಯೋಜನವಾಗಲಿಲ್ಲವೆಂಬುದನ್ನೂ ದಾಖಲಿಸಬೇಕು.

ಇದಾದ ಕೆಲವೇ ದಿನಗಳಲ್ಲಿ ಬಸ್ ಓಡಿಸುತ್ತಿದ್ದ ಆ ಯಜಮಾನರು ಗ್ರಂಥಾಲಯದ ಮೆಟ್ಟಿಲು ಹತ್ತಿ ಬಂದರು. ಟೋಪಿ ಕೈಯಲ್ಲಿತ್ತು. ಸೀಸೆ ತೆಗೆದ ವಾರವೇ ಅವರ ಹೆಂಡತಿಗೆ ಮೂತ್ರ ಕಟ್ಟಿ ತಡೆಯಲಾರದ ನೋವು ಬಂದಿತ್ತು. ಆಸ್ಪತ್ರೆಯಲ್ಲಿ ಕಲ್ಲು ಇದೆಯೆಂದರು, ಔಷಧ ಕೊಟ್ಟರು, ಕಳುಹಿಸಿದರು. ಆಕೆ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಸ್ಟ್ಯಾನ್ಮೋರ್‌ನ ತಂಗಿಯ ಮನೆಗೆ ಹೋದರು. ಸೀಸೆ ಒಲೆಗಲ್ಲಿನ ಕೆಳಗೆ ಹಿಂದೆ ಹೋಗುವವರೆಗೆ ಆ ಹೊಸ್ತಿಲು ದಾಟುವುದಿಲ್ಲವೆಂದು ಕೂತಿದ್ದರು.

"ನಮ್ಮ ಪಾದ್ರಿಯವರು ಹೋಗಿ ಪ್ರಾರ್ಥನೆ ಮಾಡಿ ಬಂದರು. ಇವಳು ಅವರಿಗೆ ಕೇಕ್ ಕೊಟ್ಟು ಕಳುಹಿಸಿದಳಂತೆ. ಜಾಗ ಬಿಟ್ಟು ಏಳಲಿಲ್ಲ," ಎಂದರು ಯಜಮಾನರು. "ಮೇಸ್ತ್ರಿ ಬರುವ ಶುಕ್ರವಾರ ಕಾಂಕ್ರೀಟ್ ಸುರಿಯುತ್ತಾನಂತೆ. ಅದು ಗಟ್ಟಿಯಾದರೆ ಸೀಸೆ ಇಡಲು ಜಾಗವೇ ಇರುವುದಿಲ್ಲ. ಇನ್ನೊಂದು ವಾರ ತಡಿ ಅಂದರೆ ಬೇರೆ ಕೆಲಸ ಹಿಡಿದಿದ್ದೇನೆ ಅಂತಾನೆ. ನನಗೆ ಆ ಸೀಸೆಯಲ್ಲಿ ನಂಬಿಕೆಯಿಲ್ಲ ಲವ್. ಆದರೆ ನಾನು ಒಬ್ಬನೇ ಮೊಟ್ಟೆ ಬೇಯಿಸಿಕೊಂಡು ತಿನ್ನುತ್ತಿದ್ದೇನೆ."

ಮುಖ್ಯಸ್ಥೆ ಅವರ ಮಾತನ್ನು ಸೌಜನ್ಯದಿಂದಲೇ ಕೇಳಿದರು. ಪತ್ರಿಕೆಯವರಿಗೆ ಬರುವ ಸೋಮವಾರವೆಂದು ಹೇಳಿ ಆಗಿದೆ, ಆಮೇಲೆ ನೋಡೋಣ ಎಂದರು. ಆ ಶುಕ್ರವಾರ ಸೋಮವಾರಕ್ಕಿಂತ ಮೊದಲೇ ಬರುತ್ತದೆ ಎಂದು ನಾನು ಹೇಳಿದೆ. ಅವರು ನನ್ನ ಕಡೆ ನೋಡಲಿಲ್ಲ.

ರಜೆ ಹಾಕಿ ಸ್ಟ್ಯಾನ್ಮೋರ್‌ಗೆ ಹೋದೆ. ತಂಗಿಯದು ದೊಡ್ಡ ಬಿಡಿ ಮನೆ. ಯಜಮಾನರ ಹೆಂಡತಿ ಹಿಂದಿನ ಗಾಜಿನ ಕೋಣೆಯಲ್ಲಿ ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಕುಳಿತಿದ್ದರು. ಕಲ್ಲು ಮೊದಲಿನಿಂದಲೇ ಇದ್ದಿರಬೇಕು, ಒಂದು ವಾರದಲ್ಲಿ ಬೆಳೆಯುವಂಥದ್ದಲ್ಲ ಎಂದು ನಾನು ವೈದ್ಯರ ಮಾತನ್ನೇ ಹೇಳಲು ಯತ್ನಿಸಿದೆ.

"ಗೊತ್ತು," ಎಂದರು. "ನಾನು ಚರ್ಚಿಗೆ ಹೋಗುವವಳು. ಮಾಟ-ಗೀಟ ನಂಬುವುದಿಲ್ಲ."

"ಹಾಗಾದರೆ ಮನೆಗೆ ಹೋಗಬಹುದಲ್ಲ?"

"ನಿನ್ನ ಮನೆಯಲ್ಲಿ ರಾತ್ರಿ ಮುಂಬಾಗಿಲು ತೆರೆದಿಟ್ಟು ಮಲಗುತ್ತೀಯಾ?"

"ಇಲ್ಲ."

"ಕಳ್ಳ ಬಂದೇ ಬರುತ್ತಾನೆ ಅಂತ ನಂಬಿದ್ದೀಯಾ?"

ಬಾಗಿಲಿನ ಮಾತನ್ನು ಅತ್ತೆಯವರ ಬಾಯಿಂದ ಆಗಲೇ ಕೇಳಿದ್ದೆ.

ಈ ಮಧ್ಯೆ ಸೀಸೆ ಕೈ ಕೊಡಲು ಆರಂಭಿಸಿತ್ತು. ದಿನವೂ ತೂಗುವುದು ನನ್ನ ಕ್ರಮ. ದಿನವೂ ಸ್ವಲ್ಪ ಸ್ವಲ್ಪ ತೂಕ ಇಳಿಯುತ್ತಿತ್ತು. ಕಾರಣ ಸ್ಪಷ್ಟ. ಬೋರಲಾಗಿದ್ದಷ್ಟು ಕಾಲ ಒಳಗಿನ ದ್ರವವೇ ಬಿರಡೆಯನ್ನು ನೆನೆಸಿ ಉಬ್ಬಿಸಿ ಇಟ್ಟಿತ್ತು. ನಾನು ನೆಟ್ಟಗೆ ಮಾಡಿದ ದಿನದಿಂದ ಬಿರಡೆ ಒಣಗಿ ಕುಗ್ಗುತ್ತಿತ್ತು. ಗಂಟೆಯಾಕಾರದ ಗಾಜಿನ ಮುಚ್ಚಳದ ಕೆಳಗೆ ಸೀಸೆಯ ಜೊತೆ ಒದ್ದೆ ಹತ್ತಿ ಇಟ್ಟು ನೋಡಿದೆ. ಬಿರಡೆಯ ಅಂಚಿಗೆ ಬೂಸಲು ಬಂದಿತು. ಹತ್ತಿ ತೆಗೆದೆ, ಬಿರಡೆ ಪುಡಿಯುದುರಿತು. ಮುಖ್ಯಸ್ಥೆ, "ಸೋಮವಾರದವರೆಗೆ ಕಾಯುವುದು ಬೇಡ, ಗುರುವಾರವೇ ತೆರೆಯೋಣ, ಪತ್ರಿಕೆಯವರಿಗೆ ನಾನು ಹೇಳುತ್ತೇನೆ," ಎಂದರು.

ನಾನು ಆ ರಾತ್ರಿ ಮೇಜಿನ ಮುಂದೆ ಕುಳಿತು ನನ್ನ ಕಾರಣಗಳನ್ನು ತಂದೆಯವರ ಕ್ರಮದಲ್ಲಿ ಒಂದು ಪುಟಕ್ಕೆ ಇಳಿಸಿದೆ. ಮಾಲೀಕರು ಕೊಟ್ಟಿದ್ದು ಪರೀಕ್ಷೆಗೆ, ತೆರೆಯಲು ಅಲ್ಲ. ಹಾಗೆಯೇ ಹಿಂದಿರುಗಿಸುವೆನೆಂದು ಹೇಳಿದವಳು ನಾನು. ತೆರೆದರೆ ನಮಗೆ ಒಂದು ಪ್ರದರ್ಶನ ಸಿಗುತ್ತದೆ. ತೆರೆಯದಿದ್ದರೆ ಒಬ್ಬ ಹೆಂಗಸು ತನ್ನ ಮನೆಗೆ ಹೋಗುತ್ತಾಳೆ. ಎರಡನ್ನೂ ತೂಗುವ ತಕ್ಕಡಿ ನಮ್ಮ ಕಚೇರಿಯಲ್ಲಿಲ್ಲ. ಬೆಳಿಗ್ಗೆ ಅದನ್ನು ಮುಖ್ಯಸ್ಥೆಯವರಿಗೆ ಕೊಟ್ಟೆ.

ಅವರು ನಿಂತೇ ಓದಿದರು. "ಇಷ್ಟು ಚೆನ್ನಾಗಿರುವ ಸೀಸೆ ನನ್ನ ಕೈಗೆ ಇನ್ನೊಮ್ಮೆ ಬರುವುದಿಲ್ಲ. ನೀನು ಅದನ್ನು ಮಣ್ಣಿಗೆ ಹಾಕು ಅಂತಿದ್ದೀಯ."

"ಮಣ್ಣಿನಿಂದಲೇ ಬಂದದ್ದು."

"ನಿನ್ನ ಹೊಣೆಯ ಮೇಲೆ ತೆಗೆದುಕೊಂಡು ಹೋಗು. ವರದಿಯಲ್ಲಿ ನಿನ್ನ ಹೆಸರಿರಲಿ, ನನ್ನದು ಬೇಡ," ಎಂದು ಪತ್ರಿಕೆಯವರಿಗೆ ಫೋನ್ ಮಾಡಲು ಒಳಗೆ ಹೋದರು. ಅವರ ಬೇಸರ ನ್ಯಾಯವಾದದ್ದೆಂದು ಈಗಲೂ ನಂಬಿದ್ದೇನೆ.

ಹೂತಿದ್ದ ರೀತಿಯಲ್ಲೇ ಹಿಂದಿರುಗಿಸಬೇಕೆಂದು ಗುರುವಾರ ಮಧ್ಯಾಹ್ನ ಸೀಸೆಯನ್ನು ಒದ್ದೆ ಮರಳಿನ ಪೆಟ್ಟಿಗೆಯಲ್ಲಿ ಮತ್ತೆ ಬೋರಲಾಗಿ ಕೂಡ್ರಿಸಿದೆ. ದ್ರವ ತಗಲಿದರೆ ಬಿರಡೆ ಮತ್ತೆ ಉಬ್ಬೀತು ಎಂಬುದು ನನ್ನ ಲೆಕ್ಕ. ನಮ್ಮ ಮನೆಯವರು ಅರ್ಧ ದಿನ ರಜೆ ಹಾಕಿ ಕಾರು ತಂದರು.

"ಏನ ಹಾದಿ ಮಾಡ್ಯಾರಪಾ ಇವ್ರು, ಮಾರಿಗೊಂದ ದಿಬ್ಬಾ," ಎಂದು ವೇಗ ತಡೆಯುವ ಉಬ್ಬುಗಳನ್ನು ಬೈಯುತ್ತ ಓಡಿಸಿದರು. ಅರ್ಧ ದಾರಿಯಲ್ಲಿ ಕಿಟಕಿಯ ಗಾಜು ಇಳಿಸಿದರು.

"ಏ, ಹಿಂದ ಏನೋ ವಾಸನಿ ಬರಾಕತ್ತದ ನೋಡು."

ಹಿಂದಿನ ಸೀಟಿನ ಕಡೆ ತಿರುಗುವ ಧೈರ್ಯ ನನಗೆ ಬರಲಿಲ್ಲ. ಆ ಮನೆಯ ಮುಂದೆ ಕಾರು ನಿಲ್ಲಿಸಿ ಪೆಟ್ಟಿಗೆ ತೆರೆದಾಗ ಬಿರಡೆ ಮೂರು ಚೂರಾಗಿ ಮರಳಿನಲ್ಲಿ ಬಿದ್ದಿತ್ತು. ಅದರ ಜೊತೆ ಒಂದಿಷ್ಟು ಸೂಜಿಗಳು, ಕರಿಯ ಬಟ್ಟೆಯ ಸಣ್ಣ ಚೂರು. ಮುನ್ನೂರು ವರ್ಷ ನಿಂತಿದ್ದ ದ್ರವ ಪೂರ್ತಿಯಾಗಿ ಮರಳಿನ ಪಾಲಾಗಿತ್ತು. ತಿರುಗಿಸಿದ್ದರಿಂದ ಬಿರಡೆ ಒಣಗಿತು. ಮರಳಿ ತಿರುಗಿಸಿದ್ದರಿಂದ ಕಳಚಿತು. ವಿಜ್ಞಾನಕ್ಕೂ ಸಿಗಲಿಲ್ಲ, ಮನೆಗೂ ಸಿಗಲಿಲ್ಲ. ನಮ್ಮ ಮನೆಯವರು ನನ್ನ ಕೈಗೆ ನೀರಿನ ಬಾಟಲಿ ಕೊಟ್ಟರು.

ಯಜಮಾನರು ಬಂದು ಪೆಟ್ಟಿಗೆಯೊಳಗೆ ನೋಡಿದರು, ನನ್ನ ಮುಖ ನೋಡಿದರು. "ಅವಳಿಗೆ ಹೇಳಬೇಡ," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ಹಾಗೇ ಇಟ್ಟುಬಿಡು. ಕಲ್ಲು ಮುಚ್ಚಿದರೆ ಯಾರಿಗೆ ಗೊತ್ತಾಗುತ್ತೆ?"

ಸೀಸೆ ಇಂದು ಬರುತ್ತದೆಂದು ಸ್ಟ್ಯಾನ್ಮೋರ್‌ಗೆ ನಾನೇ ಫೋನ್ ಮಾಡಿದ್ದೆ; ಅಷ್ಟರಲ್ಲಿ ತಂಗಿಯ ಕಾರು ಬಂದು ನಿಂತಿತು. ಯಜಮಾನರ ಹೆಂಡತಿ ಇಳಿದರು. ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದರು. ತೋಟದ ಗೇಟು ದಾಟಿ, ಮುಂಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ನಿಂತರು.

"ಸರಿಯಾಗಿ ತಂದೆಯಾ ಲವ್?"

ಯಜಮಾನರು ಕೆಮ್ಮಿದರು. ಖಾಲಿ ಸೀಸೆಯನ್ನು ಹೂಳಿ ನಾನು ಹೇಸ್‌ಗೆ ಹೋಗಬಹುದಿತ್ತು, ಆಕೆ ಒಳಗೆ ಹೋಗುತ್ತಿದ್ದರು, ಎಲ್ಲರಿಗೂ ಸುಖವೇ. ಆದರೆ ಆಕೆ ಕೇಳಿದ್ದು ಕಾವಲು. ಇಲ್ಲದ ಬಾಗಿಲನ್ನು ಹಾಕಿದೆಯೆಂದು ಹೇಳಿ ಒಬ್ಬರನ್ನು ಮಲಗಿಸುವುದು ನನ್ನಿಂದಾಗಲಿಲ್ಲ.

"ಸೀಸೆ ಇದೆ. ಒಳಗಿನದು ದಾರಿಯಲ್ಲಿ ಸೋರಿಹೋಯಿತು. ತಪ್ಪು ನನ್ನದು," ಎಂದೆ.

ಆಕೆ, "ಅದರಲ್ಲಿ ಇದ್ದದ್ದಾದರೂ ಏನು? ಇವರು ಯಾರೂ ನನಗೆ ನೆಟ್ಟಗೆ ಹೇಳಿಲ್ಲ," ಎಂದರು.

ನಾನು ಹೇಳಿದೆ. ಮೂತ್ರ, ಸೂಜಿ, ಮೊಳೆ, ಬಟ್ಟೆ.

"ಯಾರದ್ದು?"

"ಗೊತ್ತಿಲ್ಲ. ಈ ಮನೆಯಲ್ಲಿ ಇದ್ದವರದ್ದು. ನಿಮಗೆ ಬಂದಂಥದೇ ನೋವು ಬಂದವರದ್ದು ಇರಬೇಕು."

ಆಕೆ ಆ ಗಡ್ಡದ ಮುಖವನ್ನು ನೋಡಿದರು. ತಂಗಿಯ ಕೈಗೆ ಚೀಲ ಕೊಟ್ಟರು. "ಇಲ್ಲಿ ಕೊಡು ಅದನ್ನು," ಎಂದರು.

ಕೊಟ್ಟೆ. ಆಕೆ ಮನೆಯೊಳಗೆ ಹೋಗದೆ ಪಕ್ಕದ ಓಣಿಯಿಂದ ಹಿತ್ತಲಿಗೆ ನಡೆದರು. ಆ ಹಳೆಯ ಮನೆಗೆ ಹಿತ್ತಲಲ್ಲಿ ಒಂದು ಹೊರಗಿನ ಶೌಚಾಲಯ ಇನ್ನೂ ಉಳಿದಿತ್ತು. ಅದರ ಬಾಗಿಲು ಹಾಕಿಕೊಂಡ ಸದ್ದು ಕೇಳಿದಾಗ ಏನಾಗುತ್ತಿದೆಯೆಂದು ನಮಗೆ ಒಬ್ಬೊಬ್ಬರಿಗೇ ಹೊಳೆಯಿತು. ಮರುದಿನದ ಕಾಂಕ್ರೀಟಿಗೆ ನೆಲ ಸಿದ್ಧ ಮಾಡಲು ಬಂದಿದ್ದ ಮೇಸ್ತ್ರಿ ಸಿಗರೇಟನ್ನು ಬಾಯಿಂದ ತೆಗೆದ. ಯಜಮಾನರು ಟೋಪಿ ತೆಗೆದರು, ಏಕೆಂದು ಅವರಿಗೂ ತಿಳಿದಂತಿರಲಿಲ್ಲ.

ಓಡಿಹೋಗಿ ತಡೆಯಬೇಕಾದದ್ದು ನನ್ನ ಕರ್ತವ್ಯವಾಗಿತ್ತು ಎಂಬುದನ್ನು ಇಲ್ಲಿ ನಮೂದಿಸಬೇಕು. ಸೀಸೆಯೊಳಗೆ ಇನ್ನೂ ಮೊಳೆಗಳಿದ್ದವು, ಅದರ ಒಳಮೈಗೆ ಹಳೆಯ ಕಲೆಯಿತ್ತು; ಒಂದು ಹನಿ ಹೊಸದು ಬಿದ್ದರೂ ಆ ಸೀಸೆ ಮುಂದೆಂದೂ ಯಾವ ಪರೀಕ್ಷೆಗೂ ಯೋಗ್ಯವಲ್ಲ. ನಾನು ಓಣಿಯ ತುದಿಯವರೆಗೆ ಹೋದೆ. ಬಾಗಿಲಿನ ಆ ಕಡೆಯಿಂದ ಆಕೆ ನೋವಿಗೆ ಹಲ್ಲು ಕಚ್ಚಿ ಉಸಿರೆಳೆದುಕೊಂಡದ್ದು ಕೇಳಿತು. ಅಲ್ಲಿಗೇ ನಿಂತೆ.

ಬಹಳ ಹೊತ್ತಾಯಿತು. ಆಕೆ ಸೀಸೆಯನ್ನು ಟವೆಲ್ಲಿನಲ್ಲಿ ಸುತ್ತಿ ನೆಟ್ಟಗೆ ಹಿಡಿದು ಹೊರಗೆ ಬಂದರು. "ಆಸ್ಪತ್ರೆಯವರು ಇಷ್ಟು ದಿನ ಬಾಟಲಿಗಟ್ಟಲೆ ತೆಗೆದುಕೊಂಡು ಹೋದರು. ಮನೆಗೂ ಒಂದಿಷ್ಟು ಇರಲಿ," ಎಂದು ನನ್ನ ಕೈಗೆ ಕೊಟ್ಟರು. ಸೀಸೆ ಬೆಚ್ಚಗಿತ್ತು.

ಮರಳಿನಿಂದ ಸೂಜಿಗಳನ್ನೂ ಬಟ್ಟೆಯ ಚೂರನ್ನೂ ಇಕ್ಕಳದಿಂದ ಆರಿಸಿ ಒಳಗೆ ಹಾಕಿದೆ. ಯಜಮಾನರು ಅಡುಗೆಮನೆಯಿಂದ ವೈನ್ ಬಾಟಲಿಯ ಬಿರಡೆ ತಂದರು. ಅದನ್ನು ಚಾಕುವಿನಿಂದ ಕೆತ್ತಿ, ಬಿಸಿನೀರಿನಲ್ಲಿ ಅದ್ದಿ, ಜಡಿದು, ಮೇಣ ಹಚ್ಚಿದೆ. ಗುಂಡಿಯಲ್ಲಿ ಹೇಗೆ ಇಡಲಿ ಎಂದು ಕೇಳದೆ ನನ್ನ ಕೈ ಮತ್ತೆ ನೆಟ್ಟಗೆ ಇಡಲು ಹೊರಟಿತು; ಈ ಸಲ ನಾನೇ ಅದಕ್ಕೆ ಹೇಳಿ ಬೋರಲಾಗಿ ಇಡಿಸಿದೆ. ಮೇಸ್ತ್ರಿ ಸುತ್ತ ಮರಳು ತುಂಬಿ, ಕಾಂಕ್ರೀಟ್ ತಗಲದಂತೆ ಇಟ್ಟಿಗೆಯ ಸಣ್ಣ ಗೂಡು ಕಟ್ಟಿ, ಕಲ್ಲು ಎಳೆದ. ಆಕೆ ಹೊರಗಿನಿಂದಲೇ ಕಲ್ಲು ಕೂತ ಸದ್ದು ಕೇಳಿಸಿಕೊಂಡರು. ನಂತರ ಹೊಸ್ತಿಲು ದಾಟಿ ಒಳಗೆ ಬಂದು, ಸುತ್ತ ನೋಡಿ, ಗಂಡನಿಗೆ, "ಇದೇನು ಧೂಳು, ನೀವು ಮನುಷ್ಯರಾ?" ಎಂದರು. ಕೋಟಿನ ಗುಂಡಿ ಬಿಚ್ಚತೊಡಗಿದರು.

ಆಕೆಗೆ ಆಮೇಲೆ ಗುಣವಾಯಿತೋ ಇಲ್ಲವೋ ನನಗೆ ತಿಳಿಯದು. ಆ ವರ್ಷದ ಕೊನೆಗೆ ನನ್ನ ಕರಾರು ಮುಂದುವರಿಯಲಿಲ್ಲ. ಕಾರಣ ಕೇಳುವ ಪದ್ಧತಿ ಅಲ್ಲಿಲ್ಲ. ಹೋಗುವ ಮೊದಲು ವರದಿ ಬರೆದುಕೊಡಬೇಕಾಗಿತ್ತು. ಮಾಡಿದ್ದನ್ನೆಲ್ಲ ಬರೆದೆ: ತಿರುಗಿಸಿದ್ದು, ಒಣಗಿದ್ದು, ಸೋರಿದ್ದು, ನಿಂತು ನೋಡಿದ್ದು. ಒಳಗಿರುವ ಪದಾರ್ಥಗಳು ಯಾವ ಕಾಲದವು ಎಂಬಲ್ಲಿ ಮಾತ್ರ ಲೇಖನಿ ಬಹಳ ಹೊತ್ತು ತಡೆಯಿತು. ಕೊನೆಗೆ ಹೀಗೆ ಬರೆದೆ: ಸೂಜಿ ಮತ್ತು ಮೊಳೆಗಳು, ಹದಿನೇಳನೆಯ ಶತಮಾನ; ದ್ರವ, ಈ ವರ್ಷದ್ದು; ಉದ್ದೇಶ, ಎರಡಕ್ಕೂ ಒಂದೇ.

ಇದರಲ್ಲಿ ಒತ್ತು, ದೀರ್ಘ, ಪದಪ್ರಯೋಗ ಯಾವುದೇ ತಪ್ಪು ಕಂಡುಬಂದಲ್ಲಿ ಓದಿದವರು ಸಂಕೋಚವಿಲ್ಲದೆ ಗೆರೆ ಎಳೆದು ತಿದ್ದಬೇಕೆಂದೂ, ತಿದ್ದಿದ್ದನ್ನು ನನಗೂ ತಿಳಿಸಬೇಕೆಂದೂ ಕೈಮುಗಿದು ಕೇಳಿಕೊಳ್ಳುತ್ತೇನೆ.